ಬಾರ್ಬಿಗೊಂದು ಚಿತ್ರಶಾಲೆ: 850 ರೂಪಾಯಿಯ ಕಿಟ್ಟು, ರವಿವಾರ ಪೇಠೆಯ ಲೆಕ್ಕ

ಬಾರ್ಬಿ ಗೊಂಬೆಗೆ ಪುಟ್ಟ ಚಿತ್ರಶಾಲೆ ಜೋಡಿಸಲು ಪುಣೆಯ ಕರಕುಶಲ ಮೇಳಗಳಲ್ಲಿ ಮಾರುವ ಕಿಟ್ಟು ಇದು. ರಟ್ಟಿನ ಡಬ್ಬಿಯೊಳಗೆ ಕಟ್ಟಿಕೊಳ್ಳುವ ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಮುಕ್ಕಾಲಿ), ಎರಡು ಕ್ಯಾನ್ವಾಸ್, ಬಣ್ಣ ಕಲಸುವ ಒಂದು ಪ್ಯಾಲೆಟ್, ಎಂಟು ಬಣ್ಣದ ಟ್ಯೂಬು, ನಾಲ್ಕು ಕುಂಚ, ಆರು ಪೆನ್ಸಿಲ್, ಒಂದು ಸ್ಕೆಚ್ ಪುಸ್ತಕ. ಬೆಲೆ 850 ರೂಪಾಯಿ. ಮಾಡುವವರು ಮನೆಯಲ್ಲೇ ಲೇಸರ್ ಯಂತ್ರ ಇಟ್ಟುಕೊಂಡ ಸಣ್ಣ ಮಂದಿ, ಹಾಗಾಗಿ ಹೆಸರು ಹಾಕುತ್ತಿಲ್ಲ. ಅವರ ಈಸೆಲ್‌ಗೆ ಪೂರ್ತಿ ಅಂಕ, ಕುಂಚ ಹೇಗೋ ಪಾಸು, ಟ್ಯೂಬು-ಪ್ಯಾಲೆಟ್-ಪೆನ್ಸಿಲ್ ಮೂರೂ ಫೇಲು. ಕೆಲಸ ಒರಟು ಅಂತಲ್ಲ, ಒಂದೇ ಡಬ್ಬಿಯಲ್ಲಿ ಎರಡು ಮೂರು ಅಳತೆಗಳು ಬೆರೆತಿವೆ. ದಸರಾ ಗೊಂಬೆ ಕೂರಿಸುವ ಮನೆಯಲ್ಲಿ ಪಟ್ಟದ ಗೊಂಬೆಗಿಂತ ಚೆಟ್ಟಿಯಾರ ಅಂಗಡಿಯ ತಕ್ಕಡಿ ದೊಡ್ಡದಾಗಿ ಕೂತರೆ ಯಾರೂ ಕೇಳುವುದಿಲ್ಲ, ಅಲ್ಲಿ ಅದು ರೂಢಿ. ಫ್ಯಾಷನ್ ಗೊಂಬೆಯ ವಿಷಯದಲ್ಲಿ ಹಾಗಲ್ಲ. ಅಳತೆ ತಪ್ಪಿದ ತಕ್ಷಣ ಅದು ಆಟಿಕೆಯಾಗಿ ಕಾಣುತ್ತದೆ.

ಡಬ್ಬಿಯ ಮೇಲೆ 1:6 ಎಂದು ಅಚ್ಚಾಗಿದೆ. 1959ರಲ್ಲಿ ಬಂದ ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ಸುಮಾರು 29 ಸೆಂ.ಮೀ. ಆರರಿಂದ ಗುಣಿಸಿದರೆ ಐದಡಿ ಒಂಬತ್ತಿಂಚಿನ ಹೆಣ್ಣು. ಆದ್ದರಿಂದ ನಿಜವಾದ ಯಾವ ವಸ್ತುವನ್ನಾದರೂ ಆರರಿಂದ ಭಾಗಿಸಿದರೆ ಗೊಂಬೆಯ ಅಳತೆ ಸಿಗುತ್ತದೆ. ಎ4 ಹಾಳೆ 35 × 50 ಮಿ.ಮೀ., ಹೊಸ ಪೆನ್ಸಿಲ್ 30 ಮಿ.ಮೀ. ಉದ್ದ, 16 × 20 ಇಂಚಿನ ಕ್ಯಾನ್ವಾಸ್ 68 × 85 ಮಿ.ಮೀ. ಉದ್ದಗಲದಷ್ಟೇ ದಪ್ಪದಲ್ಲೂ ಎಡವುತ್ತಾರೆ. 2011ರ ಸರಣಿಯ ಒಂದು ರೂಪಾಯಿ ನಾಣ್ಯದ ವ್ಯಾಸ 22 ಮಿ.ಮೀ., ಗೊಂಬೆಯ ಲೋಕದಲ್ಲಿ ಅದು 13 ಸೆಂ.ಮೀ.ನ ತಿಂಡಿ ತಟ್ಟೆ. ಕಿಟ್ಟಿನ ಪ್ಯಾಲೆಟ್ಟನ್ನು ಆ ನಾಣ್ಯದ ಪಕ್ಕ ಇಟ್ಟು ನೋಡಿ, 28 ಮಿ.ಮೀ. ಇದೆ. ಅದು 1:12ರ, ಅಂದರೆ ಡಾಲ್‌ಹೌಸ್‌ಗಳ ಪ್ಯಾಲೆಟ್, ಇಲ್ಲಿ ಸುಮ್ಮನೆ ತಂದು ಸೇರಿಸಿದ್ದು. ಟ್ಯೂಬುಗಳದು ಉಲ್ಟಾ ಕತೆ: 35 ಮಿ.ಮೀ. ಉದ್ದ, ಆರು ಪಟ್ಟು ಮಾಡಿದರೆ 21 ಸೆಂ.ಮೀ. ಚಿತ್ರಕಾರಳ ಕೈಯಲ್ಲಿ ಮನೆಮಂದಿಗೆಲ್ಲ ಸಾಲುವ ಟೂತ್‌ಪೇಸ್ಟ್ ಹಿಡಿಸಿದ ಹಾಗೆ.

ಮೊದಲು ಈಸೆಲ್. ನಿಂತಾಗ ಎತ್ತರ 27 ಸೆಂ.ಮೀ., ನಿಜದಲ್ಲಿ 162 ಆಗುತ್ತದೆ, ಸರಿಯಾಗಿದೆ. ಎಂಡಿಎಫ್ (ಮರದ ನಾರನ್ನು ಅಂಟಿನ ಜತೆ ಒತ್ತಿ ಮಾಡಿದ) ಹಲಗೆಯ ಏಳು ತುಂಡು: ಎರಡು ಮುಂಗಾಲು, ಒಂದು ಹಿಂಗಾಲು, ಎರಡು ಅಡ್ಡಪಟ್ಟಿ, ಕ್ಯಾನ್ವಾಸ್ ಕೂರುವ ತಟ್ಟೆ, ಮೇಲಿಂದ ಅದನ್ನು ಹಿಡಿಯುವ ಕೊಕ್ಕೆ. ಹಲಗೆ 3 ಮಿ.ಮೀ. ಎಂದು ಹೇಳುತ್ತಾರೆ, ವರ್ನಿಯರ್ ಹಿಡಿದರೆ ಒಂದೇ ಡಬ್ಬಿಯಲ್ಲಿ 2.8ರಿಂದ 3.1ರವರೆಗೆ ಸಿಕ್ಕಿತು. ಹೀಗಾಗಿ ಒಂದು ಸಂದು ಬಿಗಿ, ಇನ್ನೊಂದು ಸಡಿಲ. ಬಿಗಿಯಿದ್ದ ಕಡೆ 220 ನಂಬರಿನ ಸ್ಯಾಂಡ್ ಪೇಪರ್ ಎರಡೆಳೆತ ಸಾಕು. ಸಡಿಲವಿದ್ದ ಕಡೆ ಫೆವಿಕಾಲ್ ಹಚ್ಚಿದ ನ್ಯೂಸ್‌ಪೇಪರ್ ಪಟ್ಟಿ ಸುತ್ತಿ ಕೂರಿಸಿ. ಫೆವಿಕ್ವಿಕ್ ಬೇಡ, ಎಂಡಿಎಫ್ ಅದನ್ನು ಹೀರಿಕೊಂಡುಬಿಡುತ್ತದೆ, ಸಂದಿನಲ್ಲಿ ಏನೂ ಉಳಿಯುವುದಿಲ್ಲ.

ಬಣ್ಣ ಹಚ್ಚುವವರು ಒಂದು ಕ್ರಮ ತಪ್ಪಿಸಬಾರದು. ಲೇಸರ್ ಸುಟ್ಟ ಅಂಚಿನಲ್ಲಿ ಮಸಿ ಇರುತ್ತದೆ. ಒಣ ಟೂತ್‌ಬ್ರಷ್‌ನಿಂದ ಉಜ್ಜಿ, ಸ್ಯಾಂಡ್ ಪೇಪರ್ ಆಡಿಸಿ, ಆಮೇಲೆ ಒದ್ದೆ ಬಟ್ಟೆ. ಮೊದಲೇ ಒದ್ದೆ ಬಟ್ಟೆ ಮುಟ್ಟಿಸಿದರೆ ಮಸಿ ಹಲಗೆಯ ಮೈಗೆ ಹರಡಿ, ಬಿಳಿ ಬಣ್ಣದ ಎರಡು ಕೋಟಿನ ಅಡಿಯಿಂದಲೂ ಹಳದಿಯಾಗಿ ಇಣುಕುತ್ತದೆ. ಎಂಡಿಎಫ್‌ನ ಅಂಚು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಪುಣೆಯ ಜುಲೈನಲ್ಲಿ ಉಬ್ಬುತ್ತದೆ ಕೂಡ. ಫೆವಿಕಾಲ್ ಮತ್ತು ನೀರು ಸಮಸಮ ಬೆರೆಸಿ ಅಂಚಿಗೆ ಎರಡು ಕೋಟು ಕೊಟ್ಟು, ಪೂರ್ತಿ ಒಣಗಿದ ಮೇಲೆ ಬಣ್ಣ. ಸಂದಿನೊಳಗೆ ಹೋಗುವ ನಾಲಿಗೆಗಳಿಗೆ ಮಾತ್ರ ಏನೂ ಹಚ್ಚಬೇಡಿ, ಬಣ್ಣದ ಒಂದು ಪದರ ಸಾಕು, ಜೋಡಣೆ ಕೂರುವುದೇ ಇಲ್ಲ.

ಕಿಟ್ಟು ಮಾಡಿದವರು ಒಂದು ಮರೆತಿದ್ದಾರೆ: ಹಿಂಗಾಲಿಗೆ ಸರಪಳಿ ಇಲ್ಲ. ಗಾಜಿನ ಶೋಕೇಸಿನಲ್ಲಿ ಹಿಂಗಾಲು ಮೆಲ್ಲಗೆ ಜಾರುತ್ತಾ ಹೋಗಿ ಎರಡನೇ ದಿನ ಕ್ಯಾನ್ವಾಸ್ ಸಮೇತ ಗೊಂಬೆಯ ಕಾಲ ಮೇಲೆ ಬೀಳುತ್ತದೆ. ಒಂದೂವರೆ ಮಿ.ಮೀ. ಕೊಂಡಿಯ ಇಮಿಟೇಷನ್ ಸರಪಳಿ 9 ಸೆಂ.ಮೀ. ಕತ್ತರಿಸಿ, ಕೆಳ ಅಡ್ಡಪಟ್ಟಿಯ ನಡುವಿನಿಂದ ಹಿಂಗಾಲಿಗೆ ಕಟ್ಟಿದರೆ ಮುಗಿಯಿತು. ಒಡವೆಯ ಬಿಡಿಭಾಗ, ಮಣಿ, ತಂತಿ ಎಲ್ಲ ಪುಣೆಯ ರವಿವಾರ ಪೇಠೆಯ ಗಲ್ಲಿಗಳಲ್ಲಿ ಸಿಗುತ್ತವೆ.

ಟ್ಯೂಬುಗಳನ್ನು ಪಕ್ಕಕ್ಕಿಟ್ಟು ಕೈಯಾರೆ ಮಾಡಿಕೊಳ್ಳುವುದೇ ಒಳ್ಳೆಯದು. ಕಿಟ್ಟಿನವು ರೆಸಿನ್‌ನಲ್ಲಿ ಅಚ್ಚಾದವು, ಮೈಯಲ್ಲಿ ಪದರದ ಗೆರೆ, ಲೋಹದ ಬಣ್ಣ ಬಳಿದರೂ ಪ್ಲಾಸ್ಟಿಕ್ಕೇ. ಹಿಂದೆ ಜ್ಯೂಸ್ ಪೊಟ್ಟಣದ ಸ್ಟ್ರಾ ಕತ್ತರಿಸಿ, ಬಿಸಿಗೆ ಹಿಡಿದು ಒತ್ತಿದರೆ ಟ್ಯೂಬಾಗುತ್ತಿತ್ತು. 2022ರ ಜುಲೈನಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಯಿತು, ಕಾಗದದ ಸ್ಟ್ರಾ ಕರಗುವುದಿಲ್ಲ, ಆ ದಾರಿ ಮುಚ್ಚಿತು. ಅದಕ್ಕಿಂತ ಚೆನ್ನಾಗಿ ಬರುವುದು ಎಸಿ ಡಕ್ಟಿಗೆ ಸುತ್ತುವ ಅಲ್ಯೂಮಿನಿಯಂ ಟೇಪು. ಅದೇ ಪೇಠೆಯ ಬೋಹರಿ ಆಳಿ ಎಂಬ ಗಲ್ಲಿಯಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ, ಅಲ್ಲಿ ಕೇಳಿ, 48 ಮಿ.ಮೀ. ಅಗಲದ್ದು. ಉದ್ದಕ್ಕೆ ಸೀಳಿದರೆ ತಲಾ 24 ಮಿ.ಮೀ.ನ ಎರಡು ಪಟ್ಟಿ, ಟ್ಯೂಬಿನ ಎತ್ತರಕ್ಕೆ ಅಳತೆ ಮಾಡಿಸಿದ ಹಾಗೆ.

ಆ ಪಟ್ಟಿಯಿಂದ 28 ಮಿ.ಮೀ. ತುಂಡು ಕತ್ತರಿಸಿ. ಗಾಜಿನ ಮೇಲಿಟ್ಟು ಚಮಚದ ಬೆನ್ನಿನಿಂದ ಒಮ್ಮೆ ತೀಡಿ, ಸುಕ್ಕು ಈಗ ಹೋಗದಿದ್ದರೆ ಆಮೇಲೆ ಹೋಗುವುದಿಲ್ಲ. ಸುತ್ತುವುದು 4 ಮಿ.ಮೀ. ಹೆಣಿಗೆ ಕಡ್ಡಿಯ ಮೇಲೆ. ಅದರ ಸುತ್ತಳತೆ ಹನ್ನೆರಡೂವರೆ ಮಿ.ಮೀ., ಆದ್ದರಿಂದ ಹಿಂಬದಿಯ ಕಾಗದವನ್ನು ಮೊದಲ 13 ಮಿ.ಮೀ.ವರೆಗೆ ಹಾಗೇ ಬಿಟ್ಟು ಉಳಿದದ್ದನ್ನು ಮಾತ್ರ ಸುಲಿಯಿರಿ. ಪೂರ್ತಿ ಸುಲಿದರೆ ಟೇಪು ಕಡ್ಡಿಗೇ ಅಂಟಿ ಕೂರುತ್ತದೆ, ಎಳೆದರೆ ಹರಿಯುತ್ತದೆ. ಮೊದಲ ಸುತ್ತು ಕಾಗದದ್ದು, ಎರಡನೇ ಸುತ್ತು ಅಂಟಿನದು. ಕಡ್ಡಿಯನ್ನು 2 ಮಿ.ಮೀ. ಕೆಳಗೆಳೆದು, ಮೇಲಿನ ಬಾಯಿಗೆ ಕಲಸಿದ ಎಂ-ಸೀಲ್ ತುಂಬಿ, ಗೋಪುರದ ಹಾಗೆ ತುದಿ ತಿದ್ದಿ, ಗಟ್ಟಿಯಾಗುವ ಮೊದಲು 8 ನಂಬರಿನ ಸೀಡ್ ಮಣಿ ಒಂದನ್ನು ಒತ್ತಿ. 3 ಮಿ.ಮೀ.ನ ಆ ಮಣಿಯೇ ಮುಚ್ಚಳ, ಅದರ ತೂತಿಗೆ ಬಣ್ಣದ ಚುಕ್ಕೆ. ಮಾರನೇ ದಿನ ಕಡ್ಡಿ ತೆಗೆದು ಕೆಳಬಾಯಿಯನ್ನು ಎರಡು ಉಕ್ಕಿನ ಸ್ಕೇಲುಗಳ ನಡುವೆ ಚಪ್ಪಟೆ ಮಾಡಿ, ಒಂದೂವರೆ ಮಿ.ಮೀ.ನಂತೆ ಎರಡು ಮಡಿಕೆ. ಇಕ್ಕಳ ಬಳಸಿದರೆ ಹಲ್ಲಿನ ಗುರುತು ಬೀಳುತ್ತದೆ. ಒಂದೆರಡು ಟ್ಯೂಬುಗಳನ್ನು ಮೂರನೇ ಮಡಿಕೆಯವರೆಗೂ ಸುತ್ತಿ ಹೊಟ್ಟೆ ಸ್ವಲ್ಪ ಒತ್ತಿಬಿಡಿ. ಅರ್ಧ ಖಾಲಿಯಾದ ಟ್ಯೂಬು ಪಕ್ಕದಲ್ಲಿದ್ದರೆ ತುಂಬಿದ್ದೂ ನಿಜವಾಗಿ ಕಾಣುತ್ತದೆ.

ಲೇಬಲ್ 12 × 14 ಮಿ.ಮೀ., ಅಚ್ಚು ಲೇಸರ್ ಪ್ರಿಂಟರಿನಲ್ಲೇ ಹಾಕಿಸಿ. ಇಂಕ್‌ಜೆಟ್ ಶಾಯಿ ಫೆವಿಕಾಲ್‌ನ ನೀರಿಗೆ ಕದಡುತ್ತದೆ. ಕನ್ನಡದಲ್ಲಿ ಹೆಸರು ಹಾಕುವ ಆಸೆಯಿದ್ದರೆ ಒತ್ತಕ್ಷರವಿಲ್ಲದ ಪದ ಆರಿಸಿ: ನೀಲಿ, ಕೆಂಪು, ಕೇಸರಿ. 5 ಪಾಯಿಂಟಿನಲ್ಲಿ ‘ಕಪ್ಪು’ವಿನ ಪ ಒತ್ತು ಮಸಿಯ ಚುಕ್ಕೆಯಾಗಿಬಿಡುತ್ತದೆ.

ಕಿಟ್ಟಿನ ಕುಂಚಗಳ ಹಿಡಿ ಹಲ್ಲುಕಡ್ಡಿ. ಹಲ್ಲುಕಡ್ಡಿ 2 ಮಿ.ಮೀ. ದಪ್ಪ, ನಿಜದಲ್ಲಿ 12 ಮಿ.ಮೀ., ದೊಡ್ಡ ಎಣ್ಣೆಬಣ್ಣದ ಕುಂಚಕ್ಕೆ ನಡೆಯುತ್ತದೆ. ಉದ್ದ 40 ಮಿ.ಮೀ., ಅದೂ ಸರಿ. ಕೆಟ್ಟಿರುವುದು ಕೂದಲು. ನಾಲ್ಕರಲ್ಲಿ ಮೂರು ಕಲ್ಲಿನಂತೆ ಗಟ್ಟಿ, ಯಾಕೆಂದರೆ ಬುಡಕ್ಕೆ ಹಾಕಿದ ಸೂಪರ್‌ಗ್ಲೂ ಎಳೆಗಳ ನಡುವಿನಿಂದ ಬತ್ತಿಯಲ್ಲಿ ಎಣ್ಣೆ ಏರಿದಂತೆ ತುದಿಯವರೆಗೂ ಏರಿದೆ. ಕೂದಲನ್ನು ಹಿಡಿಗೆ ಬಿಗಿಯುವ ಪಟ್ಟಿಯ ಮೇಲಿನ ಬಿಳಿ ಬೂದಿಯೂ ಅದೇ ಗೋಂದಿನ ಆವಿ, ತೇವದ ಹವೆಯಲ್ಲಿ ಹೆಚ್ಚು. ಹಳೆಯ ಬಣ್ಣದ ಬ್ರಷ್ಷಿನಿಂದ 12-15 ಎಳೆ ಕಿತ್ತು, ಬುಡವನ್ನು ಗಟ್ಟಿ ಫೆವಿಕಾಲ್‌ನಲ್ಲಿ ಅದ್ದಿ ಒಣಗಿಸಿ, ಕಡ್ಡಿಯ ತುದಿಗಿಟ್ಟು, 4 ಮಿ.ಮೀ. ಅಗಲದ ಅಲ್ಯೂಮಿನಿಯಂ ಟೇಪು ಸುತ್ತಿ. ಎಳೆಗಳ ತುದಿ ಕತ್ತರಿಸುವುದು ಕೊನೆಗೆ, ಅದೂ ಅಡ್ಡಡ್ಡ ಅಲ್ಲ, ಕತ್ತರಿಯನ್ನು ಓರೆ ಹಿಡಿದು.

ಪೆನ್ಸಿಲ್‌ಗೂ ಅವರು ಹಲ್ಲುಕಡ್ಡಿಯನ್ನೇ ಬಳಸಿದ್ದಾರೆ, ಇದು ಮಾತ್ರ ಸೋಮಾರಿತನ. ನಿಜವಾದ ಪೆನ್ಸಿಲ್ 7 ಮಿ.ಮೀ. ಚಿಲ್ಲರೆ, ಗೊಂಬೆಗೆ ಬೇಕಾದದ್ದು 1.2. ಯಂತ್ರದಲ್ಲಿ ಮಾಡುವ ಊದಿನಕಡ್ಡಿಯ ಬಿದಿರು 1.3 ಮಿ.ಮೀ. ಇರುತ್ತದೆ! ದೇವರ ಮುಂದೆ ಉರಿದು ಉಳಿದ ಬುಡವೇ ಪೆನ್ಸಿಲ್: 30 ಮಿ.ಮೀ. ಕತ್ತರಿಸಿ, ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ತಿರುಗಿಸಿ ಚೂಪು ಮಾಡಿ, ಮೈಗೆ ಬಣ್ಣ, ಮೊನೆಗೆ ಜೆಲ್ ಪೆನ್ನಿನ ಚುಕ್ಕೆ. ಕೆಂಪು ಬಳಿದ ಬುಡ ಸಿಕ್ಕರೆ ಮೈಗೆ ಬಣ್ಣವೂ ಬೇಕಿಲ್ಲ.

ಕ್ಯಾನ್ವಾಸ್‌ಗೆ ಅವರು ನಿಜವಾದ ಕ್ಯಾನ್ವಾಸ್ ಬಟ್ಟೆಯನ್ನೇ ಎಳೆದು ಕಟ್ಟಿದ್ದಾರೆ, ಕೇಳಲು ಚಂದ. ಆದರೆ ಆ ನೇಯ್ಗೆ ಆರು ಪಟ್ಟಾದರೆ ಗೋಣಿತಟ್ಟು. 2 ಬೈ 2 ರುಬಿಯಾ ಬ್ಲೌಸ್ ಪೀಸಿನ ಬಿಳಿ ತುಂಡು ಇದ್ದರೆ ಅದೇ ಸರಿ. 5 ಮಿ.ಮೀ. ಸನ್‌ಬೋರ್ಡನ್ನು (ನೊರೆಯಿಂದ ಮಾಡಿದ ಹಗುರ ಹಲಗೆ) 68 × 85ಕ್ಕೆ ಕತ್ತರಿಸಿ, ಬಟ್ಟೆಯನ್ನು ಹಿಂದಕ್ಕೆ 10 ಮಿ.ಮೀ. ಮಡಚಿ ಅಂಟಿಸಿ. ಮೂಲೆಯಲ್ಲಿ ಹೆಚ್ಚಿನ ಬಟ್ಟೆ ಕತ್ತರಿಸದಿದ್ದರೆ ಗಂಟು ಎದ್ದು ಈಸೆಲ್ ಮೇಲೆ ಸಮ ಕೂರುವುದಿಲ್ಲ. ಬಿಳಿ ಅಕ್ರಿಲಿಕ್ ಒಂದೇ ತೆಳು ಕೋಟು. ದಪ್ಪ ಬಳಿದರೆ ಬಟ್ಟೆ ಒಣಗುತ್ತಾ ಬಿಗಿದು ಹಲಗೆ ಹಪ್ಪಳದಂತೆ ಬಾಗುತ್ತದೆ. ಸನ್‌ಬೋರ್ಡ್ ಹತ್ತಿರ ನೇಲ್ ಪಾಲಿಶ್ ತರಬೇಡಿ, ಅದರ ದ್ರಾವಕಕ್ಕೆ ಒಳಗಿನ ನೊರೆ ಕರಗಿ ಗುಂಡಿ ಬೀಳುತ್ತದೆ.

ಪ್ಯಾಲೆಟ್‌ಗೆ ಎರಡು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ಅಂಟಿಸಿ 50 × 66 ಮಿ.ಮೀ.ಗೆ ಕತ್ತರಿಸಿದರೆ ದಪ್ಪವೂ ಸರಿಹೋಗುತ್ತದೆ. ಹೆಬ್ಬೆರಳ ತೂತಿಗೆ ಫೈಲಿಗೆ ತೂತು ಹೊಡೆಯುವ ಪಂಚ್ ಸಾಕು. ಬಣ್ಣದ ಗುಡ್ಡೆಗಳಿಗೆ ಮಾಮೂಲಿ ಅಕ್ರಿಲಿಕ್ ಬೇಡ, ನೀರು ಆರಿದಂತೆ ಕುಸಿದು ಕಲೆಯಂತೆ ಮಲಗುತ್ತದೆ. ಬಟ್ಟೆ ಮೇಲೆ ಉಬ್ಬುಚಿತ್ರ ಬಿಡಿಸುವ 3ಡಿ ಔಟ್‌ಲೈನರ್ ಕೋನಿನಿಂದ 3 ಮಿ.ಮೀ. ಗುಡ್ಡೆ ಇಟ್ಟು, ಅರೆ ಒಣಗಿದಾಗ ಕಡ್ಡಿಯಿಂದ ಒಮ್ಮೆ ಎಳೆಯಿರಿ.

ಸ್ಕೆಚ್ ಪುಸ್ತಕದಲ್ಲಿ ಕಾಪಿಯರ್ ಹಾಳೆ ಹಾಕಿದ್ದಾರೆ. 0.1 ಮಿ.ಮೀ. ಹಾಳೆ ಗೊಂಬೆಗೆ ರಟ್ಟು, ಪುಟ ಮಗುಚಿದರೆ ಬಾಗಿಲಿನಂತೆ ನೆಟ್ಟಗೆ ನಿಲ್ಲುತ್ತದೆ. ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಗಳಲ್ಲಿ ತೆಳು ಬಟರ್ ಪೇಪರ್ ಕೇಳಿ. ಸುರುಳಿ ತಂತಿಯ ತೂತುಗಳನ್ನು ಸೂಜಿಯಿಂದ ಚುಚ್ಚಿದರೆ ಸಾಲು ಸೊಟ್ಟ. ಹೊಲಿಗೆ ಯಂತ್ರಕ್ಕೆ 11 ನಂಬರ್ ಸೂಜಿ ಹಾಕಿ, ದಾರ ತೆಗೆದು, ಹೊಲಿಗೆಯ ಉದ್ದ 2ಕ್ಕಿಟ್ಟು, ಎಂಟು ಹಾಳೆ ಸೇರಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸಿ: 2 ಮಿ.ಮೀ. ಅಂತರದಲ್ಲಿ ಮುಕ್ಕಾಲು ಮಿ.ಮೀ. ತೂತುಗಳು ಸಾಲಾಗಿ ಬೀಳುತ್ತವೆ. ಅದರೊಳಗೆ 26 ಗೇಜಿನ ತಾಮ್ರದ ತಂತಿಯ ಸುರುಳಿಯನ್ನು ಸ್ಕ್ರೂನಂತೆ ತಿರುಗಿಸುತ್ತಾ ಹೋಗಿ.

ಗೊಂಬೆಯ ಕೈಗೆ ಕುಂಚ ಹಿಡಿಸಲು ಕಿಟ್ಟಿನಲ್ಲಿ ಒಂದು ಉಂಡೆ ಅಂಟುಮಣ್ಣು ಕೊಟ್ಟಿದ್ದಾರೆ. ಬಳಸಬೇಡಿ. ಬೇಸಿಗೆಯ ಬಿಸಿಗೆ ಅದರ ಎಣ್ಣೆ ಮೆತ್ತನೆಯ ವಿನೈಲ್ ಒಳಗೆ ಇಳಿಯುತ್ತದೆ, ಒರೆಸಿದರೆ ಹೋಗುವ ಕಲೆ ಅಲ್ಲ. ಸರ ಪೋಣಿಸುವ ಅರ್ಧ ಮಿ.ಮೀ. ಪಾರದರ್ಶಕ ಎಲಾಸ್ಟಿಕ್ ದಾರವನ್ನು ಅಂಗೈ ಸುತ್ತ ಒಂದು ಸುತ್ತು, ಹಿಡಿಯ ಸುತ್ತ ಒಂದು ಸುತ್ತು ತಂದು ಕಟ್ಟಿದರೆ ಎರಡಡಿ ದೂರದಿಂದ ಕಾಣುವುದಿಲ್ಲ. ಮೊಣಕೈ ಮಡಚದ ಸಾದಾ ಗೊಂಬೆಯಾದರೆ ಕುಂಚ ಕ್ಯಾನ್ವಾಸ್ ಮುಟ್ಟುವುದಿಲ್ಲ, ಅವಳ ಕೈಗೆ ಪ್ಯಾಲೆಟ್ ಕೊಟ್ಟು ದೂರ ನಿಲ್ಲಿಸಿ, ಚಿತ್ರ ನೋಡುತ್ತಿದ್ದಾಳೆ ಅಂದುಕೊಂಡರಾಯಿತು. 22 ಕೀಲಿನ ‘ಮೇಡ್ ಟು ಮೂವ್’ ಬಾರ್ಬಿ ಆದರೆ ನಿಜಕ್ಕೂ ಬಿಡಿಸುವ ಭಂಗಿ ಬರುತ್ತದೆ.

ಪೂರ್ತಿ ಡಬ್ಬಿ ಕೊಳ್ಳಬೇಕಿಲ್ಲ. ಮಳಿಗೆಯಲ್ಲಿ ಕೇಳಿದರೆ ಈಸೆಲ್ ಒಂದನ್ನೇ 350ಕ್ಕೆ ಕೊಡುತ್ತಾರೆ, ಅಷ್ಟಕ್ಕೆ ಧಾರಾಳವಾಗಿ ಕೊಳ್ಳಬಹುದು. ಮನೆಗೆ ತರುವ ಮೊದಲು ಹಿಂಗಾಲಿನ 2 ಮಿ.ಮೀ. ಬೋಲ್ಟಿನ ಜತೆ ನಟ್ಟು ಇದೆಯೇ ನೋಡಿಕೊಳ್ಳಿ, ನಾವು ಬಿಚ್ಚಿದ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಇರಲಿಲ್ಲ. ಬೋಹರಿ ಆಳಿಯಲ್ಲಿ ಸಿಗುತ್ತದೆ, ಆದರೆ ಅಲ್ಲಿ ಒಂದೇ ಒಂದು ನಟ್ಟು ಕೇಳುವಾಗ ಅದು ಬಾಹುಲಿಯ (ಮರಾಠಿಯಲ್ಲಿ ಗೊಂಬೆ) ಈಸೆಲ್‌ಗೆ ಎಂದು ಬಿಡಿಸಿ ಹೇಳಲು ಹೋಗಬೇಡಿ, ಹಿಂದೆ ನಿಂತ ಪ್ಲಂಬರುಗಳಿಗೆ ಅವಸರ ಇರುತ್ತದೆ.