ಕನ್ಸಲ್ಟೆನ್ಸಿ ಕಳಿಸಿದ ಅಗ್ರಿಮೆಂಟಿಗೆ ಹಾಗೇ ಸಹಿ ಹಾಕಬೇಡಿ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಕನ್ಸಲ್ಟೆನ್ಸಿ (ಫೀಸು ಪಡೆದು ಕಂಪನಿಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ಸಂಸ್ಥೆ) ಮೂಲಕ ಸೇರಿದ ಸೀನಿಯರ್ ಡೆವಲಪರ್ ಒಬ್ಬರು ಮೂರು ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟರು. 90 ದಿನದೊಳಗೆ ಬಿಟ್ಟರೆ ಬೇರೆಯವರನ್ನು ಹುಡುಕಿಕೊಡುವ ರಿಪ್ಲೇಸ್‌ಮೆಂಟ್ ಷರತ್ತು ಇದೆಯಲ್ಲ ಎಂದು ಎಚ್‌ಆರ್‌ನವರು ನಿಶ್ಚಿಂತರಾಗಿದ್ದರು. ಆದರೆ ಕನ್ಸಲ್ಟೆನ್ಸಿಯ ಉತ್ತರ ಬೇರೆಯೇ ಇತ್ತು: ಬಿಲ್ಲಿನ ಹಣ 30 ದಿನದೊಳಗೆ ಬಂದಿಲ್ಲ, ಹಾಗಾಗಿ ಆ ಷರತ್ತು ಅನ್ವಯಿಸುವುದಿಲ್ಲ. ಅಗ್ರಿಮೆಂಟಿನ ಒಳಪುಟದಲ್ಲಿ ಹಾಗೇ ಬರೆದಿತ್ತು. ಫೈನಾನ್ಸ್‌ನವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಎಲ್ಲ ಬಿಲ್ಲಿನಂತೆ ಇದನ್ನೂ ತಮ್ಮ ಸರದಿಯಲ್ಲಿ ಪಾವತಿಸಿದ್ದರು. ಅಷ್ಟರಲ್ಲಿ ಇನ್ನೊಂದು ಕನ್ಸಲ್ಟೆನ್ಸಿ, ಇದೇ ವ್ಯಕ್ತಿಯ ರೆಸ್ಯೂಮೆಯನ್ನು ಮೊದಲು ಕಳಿಸಿದ್ದು ನಾವು ಎಂದು ತನ್ನದೂ ಒಂದು ಬಿಲ್ಲು ಕಳಿಸಿತು.

ಚೌಕಾಸಿಯೆಲ್ಲ ನಡೆಯುವುದು ಕನ್ಸಲ್ಟೆನ್ಸಿಯ ಫೀಸು 8.33% ಎಂಬ ದರದ ಮೇಲೆ, ಅಂದರೆ ವರ್ಷದ ಸಂಬಳದಲ್ಲಿ ಒಂದು ತಿಂಗಳ ಪಾಲು. ಯಾವುದರ ಮೇಲೆ 8.33% ಎಂದು ಕೇಳುವವರು ಕಡಿಮೆ. 18 ಲಕ್ಷದ ಸಿಟಿಸಿಯಲ್ಲಿ (ಕಂಪನಿ ಒಬ್ಬರಿಗೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಫಿಕ್ಸೆಡ್ (ಖಚಿತ ಸಂಬಳ) 15 ಲಕ್ಷ, ವೇರಿಯಬಲ್ (ಕೆಲಸ ನೋಡಿ ಕೊಡುವ ಪಾಲು) 2 ಲಕ್ಷ, ಜಾಯಿನಿಂಗ್ ಬೋನಸ್ 1 ಲಕ್ಷ ಎಂದಿಟ್ಟುಕೊಳ್ಳಿ. ಪೂರ್ತಿ ಸಿಟಿಸಿಗೆ ಲೆಕ್ಕ ಹಾಕಿದರೆ ಫೀಸು 1,49,940 ರೂಪಾಯಿ. ಫಿಕ್ಸೆಡ್‌ಗೆ ಮಾತ್ರವಾದರೆ 1,24,950. ಇದರ ಮೇಲೆ 18% ಜಿಎಸ್‌ಟಿ. ದರದಲ್ಲಿ ಅರ್ಧ ಪರ್ಸೆಂಟ್ ಇಳಿಸಲು ಹೋರಾಡುವವರು ಇಲ್ಲಿ 25 ಸಾವಿರ ಬಿಟ್ಟುಕೊಡುತ್ತಾರೆ.

ಇನ್ನು ರಿಪ್ಲೇಸ್‌ಮೆಂಟ್. ‘30 ದಿನದೊಳಗೆ ಬದಲಿ ಅಭ್ಯರ್ಥಿ’ ಎಂದಿದ್ದರೆ ನಾಲ್ಕು ರೆಸ್ಯೂಮೆ ಕಳಿಸಿ ಕೈತೊಳೆದುಕೊಳ್ಳಬಹುದು. ಬದಲಿ ಎಂದರೆ ಕೆಲಸಕ್ಕೆ ಸೇರಿದ ವ್ಯಕ್ತಿ ಎಂದೇ ಬರೆಸಿ. ನಮ್ಮ ಐಟಿಯಲ್ಲಿ 60ರಿಂದ 90 ದಿನದ ನೋಟಿಸ್ ಪೀರಿಯಡ್ ಮಾಮೂಲು, ಹಾಗಾಗಿ 30 ದಿನದೊಳಗೆ ಆಫರ್ ಒಪ್ಪಿಗೆ, 120 ದಿನದೊಳಗೆ ಜಾಯಿನಿಂಗ್, ಇವುಗಳಲ್ಲಿ ಒಂದು ತಪ್ಪಿದರೂ ಹಣ ವಾಪಸ್ ಎಂಬ ಕ್ರಮ ನಡೆಯುವಂಥದ್ದು. ರಾಜೀನಾಮೆ ಮಾತ್ರವಲ್ಲ, ಹೇಳದೆ ಕೇಳದೆ ಕೆಲಸ ಬಿಟ್ಟರೂ, ಕೆಲಸ ತೃಪ್ತಿಕರವಲ್ಲ ಎಂದು ಕಳಿಸಿದರೂ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಫೇಲಾದರೂ ಅನ್ವಯಿಸಬೇಕು. ಕೊನೆಯದು ಮುಖ್ಯ: ವೆರಿಫಿಕೇಶನ್ ರಿಪೋರ್ಟ್ ಎಷ್ಟೋ ಸಲ ಜಾಯಿನ್ ಆದ ಮೇಲೇ ಕೈಸೇರುತ್ತದೆ.

ಫೀಸನ್ನು ಎರಡು ಕಂತು ಮಾಡಿ: ಅರ್ಧ ಸೇರಿದಾಗ, ಅರ್ಧ 90 ದಿನ ತುಂಬಿದಾಗ. ಎರಡನೇ ಬಿಲ್ಲನ್ನು 90 ದಿನ ತುಂಬಿದ ಮೇಲೇ ಕಳಿಸಬೇಕು. ಪೂರ್ತಿ ಬಿಲ್ಲು ಮೊದಲೇ ತೆಗೆದುಕೊಂಡು ಅರ್ಧ ತಡೆಹಿಡಿಯುವ ಜಾಣತನ ಬೇಡ. ಕನ್ಸಲ್ಟೆನ್ಸಿ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿಗೆ 45 ದಿನಕ್ಕಿಂತ ಹೆಚ್ಚು ಗಡುವಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಬಿಲ್ಲು ಪಾವತಿ ತಡವಾದರೆ ರಿಪ್ಲೇಸ್‌ಮೆಂಟ್ ರದ್ದು ಎನ್ನುವ ಸಾಲನ್ನಂತೂ ಹೊಡೆದುಹಾಕಿಸಿ. ತಡಕ್ಕೆ ಬಡ್ಡಿ ಕೇಳಲಿ, ಸಾಕು.

ಎರಡು ಬಿಲ್ಲಿನ ಜಗಳ ಹುಟ್ಟುವುದು ಇನ್‌ಬಾಕ್ಸಿನಲ್ಲಿ. ಒಂದೇ ಜಾಬ್ ಪೋರ್ಟಲ್‌ನಿಂದ ಒಂದೇ ರೆಸ್ಯೂಮೆಯನ್ನು ಇಬ್ಬರೂ ಇಳಿಸಿಕೊಂಡು ಕಳಿಸುತ್ತಾರೆ, ಅಭ್ಯರ್ಥಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಆದ್ದರಿಂದ ರೆಸ್ಯೂಮೆ ಬಂದ ಹೊತ್ತು ಲೆಕ್ಕಕ್ಕೆ ಬಾರದು. ‘ಈ ಹುದ್ದೆಗೆ ಈ ಕನ್ಸಲ್ಟೆನ್ಸಿ ನನ್ನನ್ನು ಕಳಿಸಲು ಒಪ್ಪಿದ್ದೇನೆ’ ಎಂಬ ಅಭ್ಯರ್ಥಿಯ ಸ್ವಂತ ಮೇಲ್ ಇದ್ದವರಿಗೆ ಮಾತ್ರ ಫೀಸಿನ ಹಕ್ಕು ಎಂದು ಅಗ್ರಿಮೆಂಟಿನಲ್ಲಿ ಬರೆಸಿ. ಅದೂ ಆ ಒಂದು ಹುದ್ದೆಗೆ, ಆರು ತಿಂಗಳಿಗೆ. ರೆಸ್ಯೂಮೆ ಬಂದ ದಿನವೇ ಫೋನ್ ನಂಬರ್, ಮೇಲ್ ಐಡಿ ಹಾಕಿ ನಿಮ್ಮ ಹಳೆಯ ದಾಖಲೆಯಲ್ಲಿ ಹುಡುಕಿ. ಮೊದಲೇ ಇದ್ದರೆ ಎರಡು ಕೆಲಸದ ದಿನದೊಳಗೆ ಕನ್ಸಲ್ಟೆನ್ಸಿಗೆ ಬರಹದಲ್ಲಿ ತಿಳಿಸಿಬಿಡಿ. ಇಂಟರ್‌ವ್ಯೂ ಮುಗಿದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಎಚ್‌ಆರ್ ರೌಂಡಿನಲ್ಲಿ ಒಂದು ಪ್ರಶ್ನೆ ಸೇರಿಸಿಕೊಳ್ಳಿ: “ಈ ಕೆಲಸಕ್ಕೆ ಯಾರಾದರೂ ನಿಮ್ಮ ಹತ್ತಿರ ದುಡ್ಡು ಕೇಳಿದ್ದಾರಾ?” ಹೌದು ಎಂದರೆ ಆ ಕನ್ಸಲ್ಟೆನ್ಸಿಯ ಬಾಕಿ ರೆಸ್ಯೂಮೆಗಳನ್ನೆಲ್ಲ ಅಂದೇ ನಿಲ್ಲಿಸಿ, ಅಭ್ಯರ್ಥಿಯನ್ನು ಮಾತ್ರ ಅದರ ನೆಪದಲ್ಲಿ ಕೈಬಿಡಬೇಡಿ.