ಎರಡನೇ ಶನಿವಾರದ ವಕೀಲರು: ಒಂದು ಲಾ ಫರ್ಮ್‌ನ ಉಚಿತ ಸೇವೆಯನ್ನು ಹತ್ತಿರದಿಂದ ಕಂಡಂತೆ

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಟ್ಟಡದಲ್ಲಿ 2024ರ ಫೆಬ್ರುವರಿಯಿಂದ ಬೆಂಗಳೂರಿನ ಒಂದು ದೊಡ್ಡ ಲಾ ಫರ್ಮ್‌ನವರು ಪ್ರತಿ ತಿಂಗಳ ಎರಡನೇ ಶನಿವಾರ ಉಚಿತ ಕಾನೂನು ಸಲಹೆ ನೀಡುತ್ತಿದ್ದಾರೆ. ಕಟ್ಟಡದ ಬೀಗದ ಕೈ ನನ್ನ ಬಳಿ ಇರುತ್ತದೆ. ಸಿವಿಲ್ ನ್ಯಾಯಾಲಯದಲ್ಲಿ 31 ವರ್ಷ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನೆಂಬ ಕಾರಣಕ್ಕೆ, ಬಂದವರ ಕಾಗದಪತ್ರಗಳನ್ನು ಜೋಡಿಸಿಕೊಡುವ ಹೊಣೆಯೂ ನನ್ನ ಮೇಲೆಯೇ ಬಿತ್ತು. ಹೀಗಾಗಿ ಹದಿನಾಲ್ಕು ಶನಿವಾರಗಳ ಕಾಲ ಈ ಸೇವೆಯನ್ನು ಪಕ್ಕದ ಕುರ್ಚಿಯಲ್ಲಿ ಕುಳಿತೇ ನೋಡಿದ್ದೇನೆ. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ ಫರ್ಮ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲ ದಿನ ಅವರು ಒಂದು ಬಣ್ಣದ ಪುಸ್ತಿಕೆಯನ್ನು ಕೊಟ್ಟರು. ಅದರಲ್ಲಿ ನೌಕರರಲ್ಲಿನ ವೈವಿಧ್ಯಕ್ಕೊಂದು, ಅವರ ಸಮಾಜಸೇವೆಗೊಂದು ಅಧ್ಯಾಯವಿತ್ತು. ಕೆರೆಯ ದಂಡೆಯಲ್ಲಿ ಸಸಿ ನೆಡುವುದು, ಶಾಲೆಯ ಗೋಡೆಗೆ ಬಣ್ಣ ಹಚ್ಚುವುದು, ರಕ್ತದಾನ, ಭಾನುವಾರದ ಓಟ, ಇವುಗಳ ಚಿತ್ರಗಳೇ ಪುಟ ತುಂಬಿದ್ದವು. ಕಾನೂನು ಸಲಹೆಗೆ ಸಿಕ್ಕಿದ್ದು ಅರ್ಧ ಪುಟ. ಸಸಿ ನೆಟ್ಟ ಗಂಟೆಗೂ ನೋಟಿಸ್ ಬರೆದುಕೊಟ್ಟ ಗಂಟೆಗೂ ಅವರ ಲೆಕ್ಕದಲ್ಲಿ ಒಂದೇ ಬೆಲೆ. ಗುಂಡಿ ತೋಡಲು ನಮ್ಮ ಬಡಾವಣೆಯ ಹುಡುಗರು ಸಾಕು. ಬಾಡಿಗೆ ಕರಾರು ಓದಿ ಅರ್ಥ ಹೇಳಲು ವಕೀಲರೇ ಬೇಕು.

ಆದರೆ ಫರ್ಮ್‌ಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕೆಂಬ 2013ರ ಕಂಪನಿ ಕಾಯ್ದೆಯ 135ನೇ ಕಲಮು ನಿಗದಿತ ಗಾತ್ರ ಮೀರಿದ ಕಂಪನಿಗಳಿಗೆ ಅನ್ವಯಿಸುತ್ತದೆಯೇ ಹೊರತು ಪಾಲುದಾರಿಕೆಯಲ್ಲಿ ನಡೆಯುವ ಲಾ ಫರ್ಮ್‌ಗಳಿಗಲ್ಲ. ಆದ್ದರಿಂದ ಕಾನೂನಿನ ಒತ್ತಾಯಕ್ಕೆ ಮಣಿದು ಅವರು ಇಲ್ಲಿಗೆ ಬರುತ್ತಿಲ್ಲ. ಹಾಗೆಂದು ಇದು ಬರಿಯ ದಾನವೂ ಅಲ್ಲ. ನಿಜವಾಗಿ ವಕೀಲರ ಅಗತ್ಯವಿರುವವರು ಪೂರ್ತಿ ಶುಲ್ಕ ಕೊಡಲಾಗದಿದ್ದರೂ ನೆರವಿಗೆ ಅರ್ಹರೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಪುಸ್ತಿಕೆಯಲ್ಲಿ ಆ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲವೂ ಇತ್ತು.

ಸೇವೆಯ ಗುಣಮಟ್ಟಕ್ಕೆ ಒಂದೇ ಪ್ರಕರಣವನ್ನು ವಿವರಿಸುತ್ತೇನೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದು ಕೆಲಸ ಬಿಟ್ಟ ಮಹಿಳೆಯೊಬ್ಬರು ಸಂಬಳದ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಗ್ರಾಚ್ಯುಟಿ, ಅಂದರೆ ಕೆಲಸ ಬಿಟ್ಟಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗಬೇಕಾದ ಹಣ, ಕೇಳಿದಾಗಲೆಲ್ಲ ಕಚೇರಿಯವರು ಮುಂದಿನ ತಿಂಗಳು ಬನ್ನಿ ಎನ್ನುತ್ತಿದ್ದರಂತೆ. ಮೇಜಿನ ಆಚೆ ಕುಳಿತಿದ್ದ ಯುವ ವಕೀಲೆ ಚೀಟಿಗಳನ್ನು ತಿಂಗಳವಾರು ಜೋಡಿಸಿ, ಹಾಳೆಯ ಮೇಲೆ ಲೆಕ್ಕವನ್ನು ದೊಡ್ಡದಾಗಿ ಬರೆದು ತೋರಿಸಿದರು: ಕೊನೆಯ ಸಂಬಳ 13,000 ರೂಪಾಯಿ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500, ಎಂಟು ವರ್ಷಕ್ಕೆ 60,000. “ಅಮ್ಮಾ, ಇದು ಅವರು ದಯೆ ತೋರಿಸಿ ಕೊಡೋ ದುಡ್ಡಲ್ಲ, ನಿಮ್ಮ ದುಡ್ಡು. ಐದು ವರ್ಷ ದಾಟಿದ ಮೇಲೆ ಇಲ್ಲ ಅನ್ನೋ ಹಾಗಿಲ್ಲ,” ಎಂದರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಮಾಲೀಕರು ಹಣ ಕೊಡಲು 30 ದಿನಗಳ ಅವಧಿಯಿತ್ತು. ಅರ್ಜಿ ಅಂದೇ ಸಿದ್ಧವಾಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು, ಐದನೆಯ ವಾರ ಹಣ ಖಾತೆಗೆ ಬಂತು. ನ್ಯಾಯಾಲಯದಲ್ಲಿ ಇದಕ್ಕಿಂತ ಚಿಕ್ಕ ಮೊತ್ತಗಳು ವರ್ಷಗಟ್ಟಲೆ ಮುಂದಿನ ತಾರೀಖಿಗೆ ಹೋದದ್ದನ್ನು ಕಂಡ ನನಗೆ ಆ ಹಾಳೆ ಇಂದಿಗೂ ಕಣ್ಣಮುಂದಿದೆ.

ಇಷ್ಟೇ ಚುರುಕನ್ನು ಎಲ್ಲ ವಿಷಯಗಳಲ್ಲೂ ನಿರೀಕ್ಷಿಸುವಂತಿಲ್ಲ. ಅವರು ವಕಾಲತ್ತು ಹಾಕುವುದಿಲ್ಲ; ದಾವೆ ಹೂಡಬೇಕಾದ ಪ್ರಕರಣವನ್ನು ಉಚಿತ ಕಾನೂನು ನೆರವು ನೀಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಅದು ತಪ್ಪಲ್ಲ. ಆದರೆ ಕಳುಹಿಸುವ ರೀತಿಯಲ್ಲಿ ಮೊದಲ ಆರು ತಿಂಗಳು ದೊಡ್ಡ ಲೋಪವಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಆದಾಯ ಮಿತಿಯ ಪ್ರಶ್ನೆ ಬರುವುದು ಉಳಿದವರಿಗೆ. ಇದನ್ನು ತಿಳಿಯದ ಸ್ವಯಂಸೇವಕರೊಬ್ಬರು ಗಂಡನಿಂದ ದೂರವಾಗಿದ್ದ ಮಹಿಳೆಯನ್ನು ಆದಾಯ ಪ್ರಮಾಣಪತ್ರ ತರಲು ನಾಡಕಚೇರಿಗೆ ಎರಡು ಸಲ ಓಡಾಡಿಸಿದರು. ಕೋಟಿಗಟ್ಟಲೆ ವ್ಯವಹಾರಗಳ ಒಪ್ಪಂದ ಬರೆಯುವವರಿಗೆ ಈ ಒಂದು ಕಲಮು ತಿಳಿಯದಿದ್ದುದು ನನಗೆ ಸೋಜಿಗವಾಗಿತ್ತು. ಅವರು ಓದಿದ ಕಾನೂನು ಬೇರೆ, ಇಲ್ಲಿ ಬೇಕಾದ ಕಾನೂನು ಬೇರೆ ಎಂಬುದು ಆಮೇಲೆ ಅರ್ಥವಾಯಿತು. ನಾನು ಹೇಳಿದ ಮೇಲೆ ಅವರು ಒಂದು ಪುಟದ ತಿಳಿವಳಿಕೆ ಪತ್ರ ಮಾಡಿಕೊಂಡರು.

ಈಗ ವೈವಿಧ್ಯದ ಮಾತು. ಗ್ರಾಚ್ಯುಟಿ ಲೆಕ್ಕ ಹಾಕಿದ ಆ ವಕೀಲೆ ಕನ್ನಡ ಮಾಧ್ಯಮದಲ್ಲಿ ಓದಿ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜಿನಿಂದ ಬಂದವರು. ಉಳಿದ ನಾಲ್ವರು ಹೆಸರಾಂತ ಕಾನೂನು ಶಾಲೆಗಳವರು, ಬುದ್ಧಿವಂತರು, ವಿನಯವಂತರು. ಆದರೆ ಕ್ರಯಪತ್ರದ ಮೊದಲ ಸಾಲು ಓದಲು ಅವರಿಗೆ ಈಕೆಯೇ ಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಈಕೆಯ ಮೇಜಿನ ಮುಂದೆ ಮಾತ್ರ ಸಾಲು ಬೆಳೆದಿರುತ್ತಿತ್ತು. ಒಮ್ಮೆ ಹಿರಿಯ ಪಾಲುದಾರರೇ ಬಂದು, ಕುರ್ಚಿ ಎಳೆದುಕೊಂಡು, ಪಾಲುಪಟ್ಟಿಯೊಂದರ ಅರ್ಥವನ್ನು ಆಕೆಯಿಂದ ಕೇಳಿ ತಿಳಿದುಕೊಂಡರು. “ಆಫೀಸಿನಲ್ಲಿ ಸರ್ ನನ್ನ ಹತ್ತಿರ ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲ,” ಎಂದು ಆಕೆ ಆಮೇಲೆ ನಗುತ್ತಾ ಹೇಳಿದರು.

ಪುಸ್ತಿಕೆಯ ವೈವಿಧ್ಯದ ಅಧ್ಯಾಯದಲ್ಲಿ ಮಹಿಳೆಯರು, ಲೈಂಗಿಕ ಅಲ್ಪಸಂಖ್ಯಾತರು, ಅಂಗವಿಕಲರು ಇದ್ದಾರೆ, ಇರಲೇಬೇಕು. ಮನೆತನದಲ್ಲಿ ಮೊದಲ ಬಾರಿಗೆ ಕಪ್ಪು ಕೋಟು ತೊಟ್ಟವರ ಬಗ್ಗೆ, ಇಂಗ್ಲಿಷಿನಲ್ಲಿ ತಡವರಿಸುವವರ ಬಗ್ಗೆ ಒಂದು ಸಾಲೂ ಇಲ್ಲ. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಿಸುವ ಕ್ಲಾಟ್ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ವಕೀಲರಾಗಿ ನೋಂದಾಯಿಸಿಕೊಳ್ಳಲು ರಾಜ್ಯಗಳ ವಕೀಲರ ಪರಿಷತ್ತುಗಳು ಸಾವಿರಗಟ್ಟಲೆ ರೂಪಾಯಿ ಪಡೆಯುತ್ತಿದ್ದುದಕ್ಕೆ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿ, ಕಾಯ್ದೆಯಲ್ಲಿ ಇರುವಂತೆ ಸಾಮಾನ್ಯರಿಂದ 750, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದು ಎಂದದ್ದು 2024ರ ಜುಲೈಯಲ್ಲಷ್ಟೇ. ಇಷ್ಟು ಬಾಗಿಲು ದಾಟಿ ಬಂದವರನ್ನು ಫರ್ಮ್ ತಿಂಗಳಿಗೊಂದು ಬೆಳಿಗ್ಗೆ ಮುಂದೆ ಕೂರಿಸಿ, ಉಳಿದ ದಿನ ದಾಖಲೆ ಜೋಡಿಸಲು ಹಿಂದಿನ ಕೋಣೆಗೆ ಕಳುಹಿಸುತ್ತದೆ. ಇನ್ನು ಶಿಶುಪಾಲನಾ ಕೊಠಡಿಯನ್ನು ಪುಸ್ತಿಕೆ ತನ್ನ ಔದಾರ್ಯವೆಂಬಂತೆ ಬಣ್ಣಿಸಿದೆ. 50 ಮತ್ತು ಹೆಚ್ಚು ನೌಕರರಿರುವ ಕಡೆ ಅದು ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿತ್ತು.

ಆದರೂ ಒಂದು ವಿಷಯದಲ್ಲಿ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ಸ್ವಯಂಸೇವಕರಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವರು ಇಂಗ್ಲಿಷ್ ತೀರ್ಪುಗಳನ್ನು ನಮಗಿಂತ ವೇಗವಾಗಿ ಓದುತ್ತಾರೆ. ಆದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರ ವ್ಯವಸ್ಥೆ ಬಳಕೆಗೆ ಬರುವ ಮೊದಲಿನ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಾದ ಕನ್ನಡ ಕಡತ ಅವರ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಕೈಬರಹದ ಜೆರಾಕ್ಸ್ ಬಗ್ಗೆ ಹೇಳುವುದೇ ಬೇಡ. ಎರಡನೆಯ ತಿಂಗಳೇ ಫರ್ಮ್ ಕನ್ನಡ ಓದಿ ಹೇಳುವ ಸಹಾಯಕರೊಬ್ಬರನ್ನು ಸಂಬಳಕ್ಕೆ ನೇಮಿಸಿತು. ಅಂದಿನಿಂದ ಪಿಂಚಣಿ ಅರ್ಜಿಗಳನ್ನೆಲ್ಲ ಕಣ್ಣು ಕಾಣದ ಆ ಸ್ವಯಂಸೇವಕರೇ ನೋಡುತ್ತಿದ್ದಾರೆ. ಇದರ ಚಿತ್ರ ಪುಸ್ತಿಕೆಯಲ್ಲಿಲ್ಲ. ಬಹುಶಃ ಅದಕ್ಕೇ ನನಗೆ ಹೆಚ್ಚು ನಂಬಿಕೆ ಬಂದದ್ದು.

ಬಾಡಿಗೆಯ ಮುಂಗಡ, ಸಂಬಳದ ಬಾಕಿ, ಪಿಂಚಣಿ, ಖಾತೆ ವರ್ಗಾವಣೆಯ ಅರ್ಜಿ, ನೋಟಿಸಿಗೆ ಉತ್ತರ, ಇವುಗಳಿಗೆ ಧೈರ್ಯವಾಗಿ ಬರಬಹುದು. ಜಮೀನಿನ ಹಳೆಯ ವ್ಯಾಜ್ಯಗಳಿಗೆ ಇಲ್ಲಿ ಅರ್ಧ ದಿನ ಕಳೆಯುವುದಕ್ಕಿಂತ ನೇರವಾಗಿ ಪ್ರಾಧಿಕಾರದ ಕಚೇರಿಗೆ ಹೋಗುವುದು ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡುವುದು ಮೇಲು. ಮೂಲ ಪತ್ರಗಳ ಜೊತೆ ಎರಡು ಜೆರಾಕ್ಸ್ ಪ್ರತಿ ತನ್ನಿ, ಮೂಲವನ್ನು ಯಾರ ಕೈಗೂ ಬಿಟ್ಟುಹೋಗಬೇಡಿ. ಹತ್ತು ಗಂಟೆಗೆ ಟೋಕನ್ ಶುರುವಾಗುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಕೊಡುವುದಿಲ್ಲ. ಬೀಗ ನಾನು ಒಂಬತ್ತೂವರೆಗೇ ತೆಗೆದಿರುತ್ತೇನೆ.