ನೂರು ರೂಪಾಯಿ ಟಿಕೆಟ್, ಇನ್ನೂರ ಹದಿನಾಲ್ಕು ತಲೆ

ತಲೆ ಎಣಿಸುವುದು ನನ್ನ ಹಳೆಯ ಚಾಳಿ. ಮದುವೆ ಮನೆಗೆ ಹೋದರೂ ಪಂಕ್ತಿಗೆ ಎಷ್ಟು ಎಲೆ ಬಿತ್ತು ಎಂದು ಲೆಕ್ಕ ಹಾಕುತ್ತೇನೆ. ಇಪ್ಪತ್ತಾರು ವರ್ಷ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೂತವನಿಗೆ ಅದು ಬಿಟ್ಟು ಹೋಗುವುದಿಲ್ಲ. ದೇಶದ ಅತಿ ಮೇಲಿನ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ಗಿಂತ ಕೆಳಗಿನ ಹಂತದ ವೃತ್ತಿಪರ ಪಂದ್ಯವೊಂದಕ್ಕೆ ಮಗಳನ್ನು ಕರೆದುಕೊಂಡು ಹೋದ ಆ ಬುಧವಾರವೂ ಆಟ ಶುರುವಾಗಿ ಹದಿನೈದು ನಿಮಿಷಕ್ಕೆ ಎಣಿಸಿ ಮುಗಿಸಿದ್ದೆ. ಅಕಾಡೆಮಿಯ ಹುಡುಗರು, ಅವರ ಸೈಕಲ್ ಕಾಯುತ್ತಿದ್ದ ಇಬ್ಬರು ಅಮ್ಮಂದಿರು ಎಲ್ಲ ಸೇರಿ 214.

ಕ್ಲಬ್ ಬೆಂಗಳೂರಿನದು. ಯಾವುದು, ಯಾವ ಋತು, ಯಾವ ಮೈದಾನ ಎಂದು ಹೇಳುವುದಿಲ್ಲ. ಹೇಳಿದರೆ ಬರುವ ನಾಲ್ಕು ಜನವೂ ನಿಂತು ಹೋದಾರು ಎಂಬ ಭಯ. ಒಟ್ಟು ನಾಲ್ಕು ಪಂದ್ಯ ನೋಡಿದ್ದೇನೆ, ನಾಲ್ಕಕ್ಕೂ ದುಡ್ಡು ಕೊಟ್ಟಿದ್ದೇನೆ. ಹಾಗಾಗಿ ವಿಮರ್ಶೆ ಮಾಡುವ ಹಕ್ಕು ನನಗಿದೆ.

ಟಿಕೆಟ್‌ನಿಂದಲೇ ಆರಂಭಿಸುತ್ತೇನೆ. ಮೊಬೈಲ್‌ನಲ್ಲಿ ಮಾತ್ರ ಸಿಗುತ್ತದೆ, ಮೈದಾನದಲ್ಲಿ ಕೌಂಟರ್ ಇಲ್ಲ. ಬೆಲೆ ₹100. ಅದರ ಮೇಲೆ ಟಿಕೆಟ್ ಮಾರುವವರ ಸೇವಾ ಶುಲ್ಕ ₹20, ಆ ಇಪ್ಪತ್ತರ ಮೇಲೆ ಜಿಎಸ್‌ಟಿ ₹3.60. ಇಬ್ಬರಿಗೆ ₹247.20 ಆಯಿತು. ಇಷ್ಟೆಲ್ಲ ತೆತ್ತು, ಕ್ಯೂಆರ್ ಕೋಡನ್ನು ದೊಡ್ಡದಾಗಿ ಕಾಣುವಂತೆ ಮಾಡಿಕೊಂಡು ಗೇಟಿಗೆ ಹೋದರೆ, ಅಲ್ಲಿ ಅದನ್ನು ಓದುವ ಯಂತ್ರವೇ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕಾವಲುಗಾರ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಆಟಗಾರರ ಮನೆಯವರಾ ಸಾರ್?" ಎಂದ. ಅಲ್ಲ, ಆಟ ನೋಡಲು ಬಂದಿದ್ದೇವೆ ಎಂದೆ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಒಳಗೆ ಬಂದ ಮೇಲೆ ಮಗಳು, "ಹೌದು ಎಂದು ಹೇಳಿದ್ದರೆ ದುಡ್ಡು ಉಳಿಯುತ್ತಿತ್ತಲ್ಲ ಅಪ್ಪಾ" ಎಂದಳು. ನನ್ನ ಮಗಳೇ, ಸಂಶಯವಿಲ್ಲ.

ಪಂದ್ಯ ಮಧ್ಯಾಹ್ನ ಮೂರೂವರೆಗೆ. ಕೆಲಸದ ದಿನ ಆ ಹೊತ್ತಿಗೆ ಆಟ ಇಟ್ಟು ಜನ ಬರಲಿಲ್ಲ ಎನ್ನುವುದು, ಅಂಗಡಿಗೆ ಬೀಗ ಹಾಕಿ ವ್ಯಾಪಾರ ಇಲ್ಲ ಎಂದ ಹಾಗೆ. ಆದರೆ ಕಾರಣ ಗೊತ್ತಾದಾಗ ಕೋಪ ಅರ್ಧ ಇಳಿಯಿತು. ಸಂಜೆ ಆಡಿಸಿದರೆ ಹೊನಲು ಬೆಳಕು ಬೇಕು, ಜನರೇಟರ್‌ಗೆ ಡೀಸೆಲ್ ಬೇಕು. ಬಿಸಿಲು ಮಾತ್ರ ಪುಕ್ಕಟೆ. ಗ್ಯಾಲರಿಯ ಸಿಮೆಂಟ್ ಮೆಟ್ಟಿಲು ಕಾದು ಕೆಂಡವಾಗಿತ್ತು. ಅಂದಿನ ದಿನಪತ್ರಿಕೆಯನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಕೂತೆವು.

ಒಳಗೆ ತಿನ್ನಲು ಕುಡಿಯಲು ಏನೂ ಇಲ್ಲ. ಚಹಾ ಗೇಟಿನ ಆಚೆ, ಒಬ್ಬ ಅಮ್ಮನ ತಳ್ಳುಗಾಡಿಯಲ್ಲಿ, ₹15. ಶುಂಠಿ ಜಜ್ಜಿ ಹಾಕುತ್ತಾರೆ, ಐದಕ್ಕೆ ಐದು. ಜೊತೆಗೆ ಮೆಣಸಿನಕಾಯಿ ಬಜ್ಜಿ. ವಿರಾಮದಲ್ಲಿ ಕಾವಲುಗಾರ ಗೇಟು ತೆರೆದಿಡುತ್ತಾನೆ, ಅರ್ಧ ಗ್ಯಾಲರಿ ಎದ್ದು ಹೊರಗೆ ಹೋಗುತ್ತದೆ, ಎರಡನೇ ಅವಧಿ ಶುರುವಾಗಿ ಐದು ನಿಮಿಷಕ್ಕೆ ಮರಳುತ್ತದೆ. ಅಂದು ಆ ತಳ್ಳುಗಾಡಿಯ ಲಾಭ ಕ್ಲಬ್ಬಿನದಕ್ಕಿಂತ ಹೆಚ್ಚಿತ್ತು ಎಂದು ಬರೆದು ಸಹಿ ಹಾಕಿ ಕೊಡಬಲ್ಲೆ.

ಆಟ ಚೆನ್ನಾಗಿತ್ತು. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ಟಿವಿಯಲ್ಲಿ ಫುಟ್‌ಬಾಲ್ ನೋಡಿ ಬೆಳೆದ ನನ್ನ ಮಗಳಿಗೆ ಅಲ್ಲಿಯವರೆಗೆ ಆಟಕ್ಕೊಂದು ಸದ್ದಿದೆ ಎಂದೇ ಗೊತ್ತಿರಲಿಲ್ಲ. ಇಲ್ಲಿ ಎಲ್ಲವೂ ಕೇಳಿಸುತ್ತದೆ: ಶಿನ್‌ಗಾರ್ಡ್‌ಗೆ ಬೂಟು ಬಡಿದದ್ದು, ಗೋಲ್‌ಕೀಪರ್ ತನ್ನ ರಕ್ಷಣಾ ಆಟಗಾರರನ್ನು ಹೆಸರು ಹಿಡಿದು ಬೈದದ್ದು, ಕೋಚ್ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡದ್ದು. ಹನ್ನೊಂದನೇ ನಂಬರಿನ ಹುಡುಗನೊಬ್ಬನಿದ್ದ. ಎಡ ಅಂಚಿನಲ್ಲಿ ಚೆಂಡು ಸಿಕ್ಕರೆ ಒಮ್ಮೆ ನಿಂತು, ಎದುರಾಳಿಯ ಕಾಲು ನೋಡಿ, ಆಮೇಲೆ ಹೊರಡುತ್ತಿದ್ದ. ಎಪ್ಪತ್ತೊಂದನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ಹಣೆಯಿಂದ ಬಲೆಗೆ ದೂಡಿದ. ಸಂಭ್ರಮಿಸಲು ಎರಡೂ ಕೈ ಚಾಚಿಕೊಂಡು ಹತ್ತಿರದ ಗ್ಯಾಲರಿಯತ್ತ ಓಡಿದ. ಆ ಗ್ಯಾಲರಿಯಲ್ಲಿ ಒಬ್ಬರೂ ಇರಲಿಲ್ಲ. ಓಟದ ನಡುವೆಯೇ ಅವನಿಗದು ಕಂಡಿರಬೇಕು. ದಿಕ್ಕು ಬದಲಿಸಿ ಬಾಲ್ ಬಾಯ್ ಒಬ್ಬನನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದ.

ನಮ್ಮ ಮುಂದಿನ ಸಾಲಿನಲ್ಲಿ ಛತ್ರಿ ಬಿಚ್ಚಿಕೊಂಡು ಕೂತಿದ್ದ ಹಿರಿಯರೊಬ್ಬರು ಹಿಂದಿರುಗಿ, "ನೋಡಿದಿರಾ, ನೆಗೆಯುವ ಮೊದಲು ಅರ್ಧ ಹೆಜ್ಜೆ ಹಿಂದಿಟ್ಟ" ಎಂದರು. ಅಲ್ಲಿಂದ ಮಾತು ಶುರುವಾಯಿತು. ನಗರದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತಂಡಕ್ಕೆ ಹದಿನಾಲ್ಕು ವರ್ಷ ಲೆಫ್ಟ್ ಬ್ಯಾಕ್ ಆಗಿದ್ದವರಂತೆ. "ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಶಿಫ್ಟು. ಗೆದ್ದರೂ ಸೋತರೂ ಒಂದನೇ ತಾರೀಖು ಸಂಬಳ. ಮೊಣಕಾಲು ಹೋದ ಮೇಲೆ ಸ್ಟೋರ್ಸ್‌ಗೆ ಹಾಕಿದರು, ಅಲ್ಲಿಂದಲೇ ನಿವೃತ್ತನಾದೆ. ಈ ಹುಡುಗನ ಮೊಣಕಾಲು ಹೋದರೆ ಇವನನ್ನು ಯಾವ ಸ್ಟೋರ್ಸ್‌ಗೆ ಹಾಕುತ್ತಾರೆ ಸಾರ್?"

ಆ ಪ್ರಶ್ನೆ ಮನೆಯವರೆಗೂ ಬಂತು. ಬೆಂಗಳೂರಿನ ಫುಟ್‌ಬಾಲ್ ಎಂದರೆ ಬಹುಕಾಲ ಆ ಸ್ಟೋರ್ಸ್ ವ್ಯವಸ್ಥೆಯೇ. ಎಚ್‌ಎಎಲ್, ಟೆಲಿಫೋನ್ ಕಾರ್ಖಾನೆ ಐಟಿಐ, ರೈಲು ಗಾಲಿ ಕಾರ್ಖಾನೆ, ಸೇನೆಯ ಎಂಇಜಿ ಇವು ತಂಡ ಕಟ್ಟಿದ್ದು ಲಾಭಕ್ಕಲ್ಲ, ಹಾಗಾಗಿ ನಷ್ಟವೆಂಬ ಮಾತೂ ಅಲ್ಲಿ ಏಳುತ್ತಿರಲಿಲ್ಲ. ಅದಕ್ಕೂ ಹಿಂದೆ 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ ಮುಂಬೈಯ ಹಳೆಯ ಪಂದ್ಯಾವಳಿಯಾದ ರೋವರ್ಸ್ ಕಪ್ ಎತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರು. ಊರಿಗೆ ಫುಟ್‌ಬಾಲ್ ಹೊಸದಲ್ಲ. ಟಿಕೆಟ್, ಪ್ರಸಾರ, ಪ್ರಾಯೋಜಕರನ್ನು ನಂಬಿ ಕ್ಲಬ್ ನಡೆಸುವುದು ಹೊಸದು.

ಹಾಗೆ ನಡೆಸಿದರೆ ಲೆಕ್ಕ ಹೇಗೆ ಬರುತ್ತದೆ? ಮನೆಗೆ ಬಂದು ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಹಾಕಿ ನೋಡಿದೆ. 214 ಜನರೂ ದುಡ್ಡು ಕೊಟ್ಟಿದ್ದಾರೆ ಎಂದೇ ಇಟ್ಟುಕೊಳ್ಳಿ: ₹21,400. ಐಎಸ್‌ಎಲ್‌ಗಿಂತ ಒಂದು ಹಂತ ಕೆಳಗಿದ್ದ ಐ-ಲೀಗ್‌ನ ತಂಡಗಳು ಶ್ರೀನಗರದಿಂದ ಮಿಜೋರಾಮಿನ ಐಜಾಲ್‌ವರೆಗೆ ಹರಡಿಕೊಂಡಿದ್ದವು. ಇಲ್ಲಿಂದ ಐಜಾಲ್‌ಗೆ ಇಪ್ಪತ್ತೈದು ಜನ ಹೋಗಿ ಬರಲು ತಲೆಗೆ ₹20,000 ಎಂದು ನಾನೇ ಅಂದಾಜು ಹಿಡಿದರೂ ಐದು ಲಕ್ಷ. ಆ ಒಂದು ಪ್ರವಾಸದ ಖರ್ಚು ಹುಟ್ಟಬೇಕಾದರೆ ಇಂಥ ಇಪ್ಪತ್ತನಾಲ್ಕು ತವರು ಪಂದ್ಯ ಆಡಿಸಬೇಕು. ಹನ್ನೆರಡು ತಂಡಗಳ ಲೀಗ್‌ನಲ್ಲಿ ತವರು ಪಂದ್ಯ ಸಿಗುವುದೇ ಹನ್ನೊಂದು. ಸಂಬಳ, ಹೋಟೆಲ್, ಆಂಬುಲೆನ್ಸ್, ಮೈದಾನದ ಬಾಡಿಗೆ ಇನ್ನೂ ಬರೆದೇ ಇಲ್ಲ. ಯಾವ ಗ್ರಾಹಕ ಇಂಥ ಲೆಕ್ಕ ತಂದರೂ ನಾನು ಕೇಳುವುದು ಒಂದೇ: ಸ್ವಾಮಿ, ಪ್ರತಿ ವರ್ಷ ಈ ಗುಂಡಿ ತುಂಬುತ್ತಿರುವವರು ಯಾರು? ಇಲ್ಲಿ ಉತ್ತರವೂ ಒಂದೇ, ಮಾಲೀಕ. ಅವನಿಗೆ ಬೇಸರ ಬಂದ ದಿನ ಕ್ಲಬ್ ಮುಗಿಯಿತು.

ಬೇಸರ ಬಂದವರ ಪಟ್ಟಿ ಉದ್ದವಿದೆ. ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಫಗ್ವಾರಾದ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. 2015ರಲ್ಲಿ ಪುಣೆ ಎಫ್‌ಸಿ ಹೋಯಿತು. ಅದೇ ವರ್ಷ ಭಾರತ್ ಎಫ್‌ಸಿ, ಒಂದೇ ಒಂದು ಋತು ಆಡಿ. ಗೋವಾದ ಮೂರು ಕ್ಲಬ್, ಐದು ಬಾರಿಯ ಚಾಂಪಿಯನ್ ಡೆಂಪೊ, ಜೊತೆಗೆ ಸಾಲ್ಗಾವ್ಕರ್, ಸ್ಪೋರ್ಟಿಂಗ್ ಗೋವಾ, 2016ರಲ್ಲಿ ಲೀಗ್‌ನಿಂದ ಹೊರನಡೆದವು. ನಮ್ಮಲ್ಲಿ 2015ರಲ್ಲಿ ಹುಟ್ಟಿದ ಓಜೋನ್ ಎಫ್‌ಸಿ ಕೂಡ ಇಂದಿಲ್ಲ. ಗೋವಾದವರು ಎದ್ದು ಹೋದದ್ದಕ್ಕೆ ಕಾರಣ ಬರೀ ದುಡ್ಡಲ್ಲ. 2010ರ ಕೊನೆಗೆ ಫುಟ್‌ಬಾಲ್ ಫೆಡರೇಷನ್ ಹದಿನೈದು ವರ್ಷಗಳ ವಾಣಿಜ್ಯ ಹಕ್ಕನ್ನು ₹700 ಕೋಟಿಗೆ ಒಂದು ಖಾಸಗಿ ಕೂಟಕ್ಕೆ ಬರೆದುಕೊಟ್ಟಿತು. 2014ರಲ್ಲಿ ಅವರ ಐಎಸ್‌ಎಲ್ ಬಂತು. ಕೆಳಗಿನ ಲೀಗ್ ಗೆದ್ದವರಿಗೆ ಮೇಲೆ ಹತ್ತುವ ಮೆಟ್ಟಿಲೇ 2023ರವರೆಗೆ ಇರಲಿಲ್ಲ. ಹಿಂದಿನ ವರ್ಷ ಕೆಳಗೆ ಬಿದ್ದು, ಗೋವಾದವರು ಬಿಟ್ಟ ಜಾಗದಿಂದಾಗಿ ಮರಳಿ ಸೇರಿಕೊಂಡ ಐಜಾಲ್ 2017ರಲ್ಲಿ ಚಾಂಪಿಯನ್ ಆಯಿತಲ್ಲ, ಆ ಪವಾಡಕ್ಕೆ ಸಿಕ್ಕಿದ್ದು ಕಪ್ ಮತ್ತು ಚಪ್ಪಾಳೆ. ಮುಂದಿನ ವರ್ಷವೂ ಅದೇ ಲೀಗ್.

ಆಮೇಲೆ ಮೆಟ್ಟಿಲು ಬಂತು. ಆದರೆ 2025ರ ಏಪ್ರಿಲ್‌ನಲ್ಲಿ ಮುಗಿದ ಐ-ಲೀಗ್ ಗೆದ್ದವರು ಚರ್ಚಿಲ್ ಬ್ರದರ್ಸಾ, ಇಂಟರ್ ಕಾಶಿಯಾ ಎಂದು ತೀರ್ಮಾನವಾದದ್ದು ಜುಲೈನಲ್ಲಿ, ಸ್ವಿಟ್ಜರ್‌ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲಿ. ತೀರ್ಪು ಕಾಶಿಯ ಪರ ಬಂತು. ಅದೇ ತಿಂಗಳು ಮೇಲಿನ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು, ಏಕೆಂದರೆ ಆ ಹದಿನೈದು ವರ್ಷದ ಒಪ್ಪಂದ ಮುಗಿಯುತ್ತಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, ಇಡೀ ದೇಶಕ್ಕೆ ಕ್ಲಬ್ ನಡೆಸುವುದು ಹೀಗೆ ಎಂದು ತೋರಿಸಿಕೊಟ್ಟ ಕ್ಲಬ್ಬು ಅದು. ಲೀಗ್‌ನ ವಾಣಿಜ್ಯ ಹಕ್ಕಿಗೆ ಹೊಸದಾಗಿ ಟೆಂಡರ್ ಕರೆದರೆ ಬಿಡ್ ಹಾಕಲು ಒಬ್ಬರೂ ಬರಲಿಲ್ಲ. ಮೇಲಿನ ಮಹಡಿಯವರ ಕಥೆಯೇ ಹೀಗಿರುವಾಗ ನೆಲಮಹಡಿಯವರನ್ನು ಏನು ಕೇಳುವುದು?

ಕೇಳಬೇಕಾದ್ದು ಇದೆ. ಜನ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇರಳದ ಮಲಬಾರಿನಲ್ಲಿ ತಂಡಕ್ಕೆ ಏಳೇ ಜನ ಆಡುವ ಸೆವೆನ್ಸ್ ಆಟಕ್ಕೆ ಊರವರೇ ತಾತ್ಕಾಲಿಕ ಗ್ಯಾಲರಿ ಕಟ್ಟುತ್ತಾರೆ, ರಾತ್ರಿ ದೀಪ ಹಾಕುತ್ತಾರೆ, ಟಿಕೆಟ್ ಮಾರುತ್ತಾರೆ, ಗ್ಯಾಲರಿ ತುಂಬುತ್ತದೆ. ಅಲ್ಲಿ ವಿಮಾನದ ಖರ್ಚಿಲ್ಲ, ಆಟ ಊಟದ ನಂತರದ ಹೊತ್ತಿಗೆ, ಗೆದ್ದ ತಂಡದ ಊರಿನವರು ಪಕ್ಕದ ಸಾಲಿನಲ್ಲೇ ಇರುತ್ತಾರೆ. ನಾನು ಲೆಕ್ಕದವನು, ಭವಿಷ್ಯ ಹೇಳುವವನಲ್ಲ. ಆದರೂ ನನಗನಿಸುವುದು, ಈ ಲೀಗ್‌ಗಳು ಇಡೀ ಭಾರತವನ್ನು ಸುತ್ತುವುದನ್ನು ಕಡಿಮೆ ಮಾಡಿ ದಕ್ಷಿಣದ ತಂಡಗಳು ದಕ್ಷಿಣದಲ್ಲೇ ರೈಲಿನಲ್ಲಿ ಓಡಾಡಿ ಆಡಲಿ, ಕೊನೆಯ ಸುತ್ತಿಗೆ ಬೇಕಾದರೆ ವಿಮಾನ ಹತ್ತಲಿ. ಗೋವಾ, ಕೇರಳ, ತಮಿಳುನಾಡು, ನಾವು: ಒಂದು ರಾತ್ರಿಯ ಪ್ರಯಾಣ. ಐದು ಲಕ್ಷದ ಸೊನ್ನೆಯೊಂದು ಅಲ್ಲೇ ಉದುರುತ್ತದೆ. ಉಳಿದ ದುಡ್ಡಿನಲ್ಲಿ ಡೀಸೆಲ್ ಕೊಂಡು ಶನಿವಾರ ಸಂಜೆ ಆಡಿಸಿ, ತಳ್ಳುಗಾಡಿಯ ಅಮ್ಮನನ್ನು ಗೇಟಿನ ಒಳಗೆ ಕರೆಯಿರಿ.

ಜೆರ್ಸಿ ಕೇಳಿದ್ದೆ, ಮಗಳ ಅಳತೆಯದು. ಮಕ್ಕಳ ಅಳತೆಯಲ್ಲಿ ಹೊಲಿಸಿಲ್ಲ ಎಂದರು. ಮೂರನೇ ಪಂದ್ಯಕ್ಕೆ ಮತ್ತೆ ಕೇಳಿದಾಗ ದೊಡ್ಡವರದ್ದೂ ಮುಗಿದಿತ್ತು. ದುಡ್ಡು ಹಿಡಿದು ನಿಂತ ಗಿರಾಕಿಯನ್ನು ಎರಡು ಸಲ ಬರಿಗೈಯಲ್ಲಿ ಕಳಿಸಿದವರು ನಷ್ಟದ ಬಗ್ಗೆ ಮಾತನಾಡುವಾಗ ನನಗೆ ಮರುಕ ಸ್ವಲ್ಪ ಕಡಿಮೆಯಾಗುತ್ತದೆ.

ಅಂಕ ಕೊಡಲೇಬೇಕೆಂದರೆ ಆಟಕ್ಕೆ ನಾಲ್ಕು, ಏರ್ಪಾಡಿಗೆ ಒಂದೂವರೆ. ಶೌಚಾಲಯದ ವಿಷಯ ಬೇಡ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಕೆಳಗಿನ ಸಾಲಿನಲ್ಲೇ ಕೂರಿ, ಟೋಪಿ ಮರೆಯಬೇಡಿ.

ನಾಲ್ಕನೇ ಪಂದ್ಯ ಋತುವಿನ ಕೊನೆಯದು. ಕಾವಲುಗಾರ ಅಷ್ಟರಲ್ಲಿ ನಮ್ಮ ಗುರುತು ಹಿಡಿದಿದ್ದ. "ಪ್ರತಿ ಸಲ ಬರುತ್ತೀರಿ, ಯಾವ ಆಟಗಾರನ ಮನೆಯವರು ಎಂದು ಹೇಳಲೇ ಇಲ್ಲವಲ್ಲ ಸಾರ್" ಎಂದ. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಹನ್ನೊಂದನೇ ನಂಬರು, ನಮ್ಮ ಮಾಮ" ಎಂದುಬಿಟ್ಟಳು. ಅವನು ಎದ್ದು ನಿಂತು ಗೇಟನ್ನು ಪೂರ್ತಿ ತೆರೆದ. ₹247.20ರ ಟಿಕೆಟ್ ತೋರಿಸಲು ಹೊರಗೆ ತೆಗೆದಿದ್ದ ಮೊಬೈಲನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.